ಮೊದಲು ಕಿವಿಗೆ ಕೂರಲಿ: ಮನೆಗೊಂದು ಉತ್ತಮ ದರ್ಜೆಯ ಕ್ಲೋಸ್ಡ್‌ಬ್ಯಾಕ್ ಹೆಡ್‌ಫೋನ್ ಆರಿಸುವುದು ಹೇಗೆ?

ಹೆಡ್‌ಫೋನ್ ತಲೆಗೆ ಹಾಕಿಕೊಂಡು, ಫೋನಿನಲ್ಲಿ ಯಾವುದಾದರೂ ಟೋನ್ ಜನರೇಟರ್ ಆ್ಯಪ್ ತೆರೆದು 40 ಹರ್ಟ್ಜ್ ನುಡಿಸಿ. ವಾಲ್ಯೂಮ್ ಸಣ್ಣದಿರಲಿ. ಹೊಟ್ಟೆಯೊಳಗಿಂದ ಬಂದಂಥ ಒಂದು ಗುಂಯ್ ಕೇಳುತ್ತದೆ. ಈಗ ಎರಡೂ ಕಪ್‌ಗಳನ್ನು ಅಂಗೈಯಿಂದ ಮೆತ್ತಗೆ ಒಳಕ್ಕೆ ಒತ್ತಿ. ಸದ್ದು ಒಂಚೂರು ಬದಲಾದರೆ ಚಿಂತೆಯಿಲ್ಲ. ಒತ್ತಿದ ಕೂಡಲೇ ಬೇಸ್ (ತಗ್ಗಿನ ಸದ್ದು) ತುಂಬಿಕೊಂಡು, ಕೈ ಬಿಟ್ಟ ಕೂಡಲೇ ಬರಿದಾದರೆ ಪ್ಯಾಡಿಗೂ ಚರ್ಮಕ್ಕೂ ನಡುವೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ.

ಕ್ಲೋಸ್ಡ್‌ಬ್ಯಾಕ್, ಅಂದರೆ ಕಪ್ಪಿನ ಹಿಂಬದಿ ಮುಚ್ಚಿರುವ ಹೆಡ್‌ಫೋನ್ ಕೊಳ್ಳುವವರು ಮಾಡಬೇಕಾದ ಮೊದಲ ಪರೀಕ್ಷೆ ಇದು, ಹೆಚ್ಚಿನವರು ಮಾಡದೇ ಬಿಡುವುದೂ ಇದನ್ನೇ. ಸದ್ದು ಹುಟ್ಟಿಸುವ ಡ್ರೈವರ್ ಬೆರಿಲಿಯಮ್ಮಿನದೋ, ಕಪ್ ಯಾವ ಮರದ್ದೋ ಎಂದು ವಾರಗಟ್ಟಲೆ ಓದುತ್ತಾರೆ. ಆದರೆ ಈ ಜಾತಿಯ ಹೆಡ್‌ಫೋನಿನಲ್ಲಿ ಬೇಸ್ ನಿಲ್ಲುವುದು ಡ್ರೈವರ್, ಪ್ಯಾಡ್ ಮತ್ತು ನಿಮ್ಮ ದವಡೆ ಮೂರೂ ಸೇರಿ ಕಟ್ಟಿದ ಪುಟ್ಟ ಗಾಳಿಕೋಣೆಯಲ್ಲಿ. ಆ ಕೋಣೆಗೆ ಕಿಂಡಿ ಬಿದ್ದರೆ 100 ಹರ್ಟ್ಜ್‌ಗಿಂತ ಕೆಳಗಿನದು ಹೊರಗೆ ಹರಿದುಹೋಗುತ್ತದೆ. ಅಳತೆಯ ಯಂತ್ರದ ಮೇಲೆ ನೇರಗೆರೆಯಂತೆ ಬಂದ ಗ್ರಾಫ್ ಕನ್ನಡಕ ಹಾಕಿದ ನಿಮ್ಮ ತಲೆಯ ಮೇಲೆ ಹಾಗೇ ಬರುವುದಿಲ್ಲ. ಆದ್ದರಿಂದ ಈ ಲೇಖನದ ಕ್ರಮವೂ ಹೀಗೇ: ಮೊದಲು ತಲೆ, ಆಮೇಲೆ ಸದ್ದು, ಆಮೇಲೆ ಆಂಪ್ (ಹೆಡ್‌ಫೋನಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್), ಕೊನೆಗೆ ಮಾಡೆಲ್.

ನಿಮಗೆ ಬೇಕಿರುವುದು ಕ್ಲೋಸ್ಡ್‌ಬ್ಯಾಕೇ?

ಒಂಟಿ ಕೋಣೆ, ನಿಶ್ಶಬ್ದದ ರಾತ್ರಿ, ಪಕ್ಕದಲ್ಲಿ ಮಲಗಿದವರಿಲ್ಲ ಎಂದಾದರೆ ಹಿಂಬದಿ ತೆರೆದಿರುವ ಓಪನ್‌ಬ್ಯಾಕ್ ಕೊಳ್ಳಿ. ಅದೇ ಹಣಕ್ಕೆ ಹೆಚ್ಚು ಸಹಜವಾದ ಸದ್ದು ಅದರಲ್ಲೇ ಸಿಗುತ್ತದೆ. ಕಾರಣ ಸರಳ. ಡ್ರೈವರ್ ಮುಂದಕ್ಕೆ ತಳ್ಳಿದಷ್ಟೇ ಸದ್ದನ್ನು ಹಿಂದಕ್ಕೂ ತಳ್ಳುತ್ತದೆ. ಓಪನ್‌ಬ್ಯಾಕ್‌ನಲ್ಲಿ ಅದು ಹೊರಗೆ ಹೋಗುತ್ತದೆ. ಕ್ಲೋಸ್ಡ್‌ಬ್ಯಾಕ್‌ನಲ್ಲಿ ಕಪ್ಪಿನ ಗೋಡೆಗೆ ಬಡಿದು, ತುಸು ತಡವಾಗಿ, ತೆಳ್ಳನೆಯ ಡ್ರೈವರನ್ನು ದಾಟಿ ಕಿವಿಗೇ ಮರಳುತ್ತದೆ. ಕಪ್ಪಿನೊಳಗೆ ಎದುರುಬದುರು ಗೋಡೆಗಳ ಅಂತರ 4 ಸೆಂಟಿಮೀಟರ್ ಇದ್ದರೆ ಸುಮಾರು 4,300 ಹರ್ಟ್ಜ್‌ನಲ್ಲಿ ಅಲೆ ಒಳಗೇ ನಿಂತು ಮೊಳಗತೊಡಗುತ್ತದೆ. ನಮ್ಮ ಕಿವಿ ತುಂಬ ಚುರುಕಾಗಿರುವ ವಲಯಕ್ಕೆ ಇದು ಹತ್ತಿರ. ದುಬಾರಿ ಕ್ಲೋಸ್ಡ್‌ಬ್ಯಾಕ್‌ಗೆ ನೀವು ಕೊಡುವ ಹೆಚ್ಚಿನ ಹಣ ಹೋಗುವುದು ಹಿಂದಿನ ಈ ಸದ್ದನ್ನು ಅಡಗಿಸುವ ಕೆಲಸಕ್ಕೆ. 2018ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 820ರಲ್ಲಿ ಬಾಗಿದ ಗಾಜು ಆ ಸದ್ದನ್ನು ಪಕ್ಕದ ಹೀರುಕೋಣೆಗಳತ್ತ ತಿರುಗಿಸುತ್ತದೆ. 2021ರ ಡ್ಯಾನ್ ಕ್ಲಾರ್ಕ್ ಸ್ಟೆಲ್ತ್ ಡ್ರೈವರ್ ಮತ್ತು ಕಿವಿಯ ನಡುವೆ ಸಣ್ಣ ರಂಧ್ರಗಳ, ಕೊಳವೆಗಳ ಒಂದು ಜಾಲರಿ ಇಟ್ಟು, ಅಲ್ಲಿ ನಿಲ್ಲುವ ಅಲೆಗಳನ್ನು ನುಂಗಿಸುತ್ತದೆ. ಸೋನಿಯ ಝಡ್1ಆರ್‌ನಲ್ಲಿ ಹಿಂಗೋಡೆಯನ್ನೇ ನಾರಿನಿಂದ ಮಾಡಿ ಗಾಳಿ ತುಸು ಉಸಿರಾಡುವಂತೆ ಬಿಟ್ಟಿದ್ದಾರೆ.

ಕೊನೆಯದನ್ನು ಗಮನಿಸಿ. ಹೆಸರು ಕ್ಲೋಸ್ಡ್ ಎಂದಿದ್ದರೂ ಎಲ್ಲವೂ ಒಂದೇ ಮಟ್ಟಕ್ಕೆ ಸದ್ದು ತಡೆಯುವುದಿಲ್ಲ. ಝಡ್1ಆರ್, ಫೋಸ್ಟೆಕ್ಸ್ ಟಿಎಚ್900 ಇಂಥವುಗಳಲ್ಲಿ ಹೊರಗಿನ ಸದ್ದು ಸಾಕಷ್ಟು ಒಳಗೆ ಬರುತ್ತದೆ. ಡ್ಯಾನ್ ಕ್ಲಾರ್ಕ್ ಮಾಡೆಲ್‌ಗಳು ಬಿಗಿ. ಎಷ್ಟೇ ಬಿಗಿಯಾದರೂ ಅವು ತಡೆಯುವುದು ಮುಖ್ಯವಾಗಿ ಮೇಲಿನ ಸದ್ದುಗಳನ್ನು: ಕುಕ್ಕರ್ ವಿಷಲ್, ಮಿಕ್ಸಿಯ ಚೀರು, ಪಕ್ಕದ ಕೋಣೆಯ ಟಿವಿ ಮಾತು. ಫ್ರಿಜ್ಜಿನ ಗುಂಯ್, ಬೀದಿಯಲ್ಲಿ ನಿಂತ ಲಾರಿಯ ಇಂಜಿನ್ ಹಾಗೇ ಬರುತ್ತವೆ. ಅವನ್ನು ತಡೆಯಲು ನಾಯ್ಸ್ ಕ್ಯಾನ್ಸಲಿಂಗ್ ಬೇಕು, ಅದು ಬೇರೆ ದಾರಿ. ಸೀಲಿಂಗ್ ಫ್ಯಾನ್ ನೇರ ಕೆಳಗೆ ಕೂತರೆ ಗಾಳಿ ಕಪ್ಪಿಗೆ ಬಡಿದು ಅದೇ ಒಂದು ಸದ್ದಾಗುತ್ತದೆ. ಕುರ್ಚಿಯನ್ನು ಒಂದು ಮೀಟರ್ ಸರಿಸಿ, ಖರ್ಚಿಲ್ಲದೆ ಸರಿಹೋಗುತ್ತದೆ.

ತಲೆಗೆ ಕೂರುವುದು

ಸ್ಕೇಲ್ ಹಿಡಿದು ನಿಮ್ಮ ಕಿವಿಯ ಉದ್ದ ಅಳೆಯಿರಿ, ಮೇಲಿನ ಅಂಚಿನಿಂದ ಹಾಲೆಯವರೆಗೆ. ಪ್ಯಾಡಿನ ಒಳಬಾಯಿ ಅದಕ್ಕಿಂತ ಕನಿಷ್ಠ ಅರ್ಧ ಸೆಂಟಿಮೀಟರ್ ದೊಡ್ಡದಿರಬೇಕು. ಆಳವೂ ಮುಖ್ಯ. ಕಿವಿಯ ತುದಿ ಒಳಗಿನ ಜಾಲರಿಗೆ ತಗುಲಿದರೆ ಮೊದಲ ಐದು ನಿಮಿಷ ಗೊತ್ತೇ ಆಗುವುದಿಲ್ಲ, ಇಪ್ಪತ್ತನೆಯ ನಿಮಿಷಕ್ಕೆ ಉರಿಯತೊಡಗುತ್ತದೆ. ಹಾಗಾಗಿ ಅಂಗಡಿಯಲ್ಲಾಗಲಿ, ಸ್ನೇಹಿತರ ಮನೆಯಲ್ಲಾಗಲಿ, ಮೂವತ್ತು ನಿಮಿಷ ತಲೆಯ ಮೇಲೆ ಇಟ್ಟುಕೊಳ್ಳದೆ ತೀರ್ಮಾನಿಸಬೇಡಿ.

ತೂಕ ಓದುವಾಗ ಬರೀ ಗ್ರಾಂ ನೋಡಿದರೆ ಸಾಲದು. ಎಚ್‌ಡಿ 820 360 ಗ್ರಾಂ, ಡೆನಾನ್ ಎಎಚ್-ಡಿ9200 375, ಝಡ್1ಆರ್ 385, ಸ್ಟೆಲ್ತ್ 415, ಫೋಕಲ್ ಸ್ಟೆಲಿಯಾ 435, ಡ್ಯಾನ್ ಕ್ಲಾರ್ಕ್ ಇ3 455. ಔಡೀಝಿ ಎಲ್‌ಸಿಡಿ-ಎಕ್ಸ್‌ಸಿ 650 ಗ್ರಾಂ ದಾಟುತ್ತದೆ. ಇ3 ಪಟ್ಟಿಯಲ್ಲಿ ಭಾರವಾಗಿ ಕಂಡರೂ ತಲೆಯ ಮೇಲಿನ ಅಗಲವಾದ ಪಟ್ಟಿ ಭಾರವನ್ನು ಹಂಚುವುದರಿಂದ ಕೂತಲ್ಲಿ ಕೂರುತ್ತದೆ. ಎಲ್‌ಸಿಡಿ-ಎಕ್ಸ್‌ಸಿಯ ಭಾರಕ್ಕೆ ಮಾತ್ರ ಪರಿಹಾರವಿಲ್ಲ. ಕತ್ತು ನೋವಿರುವವರು ಅದರ ಸದ್ದು ಎಷ್ಟೇ ಚೆನ್ನಾಗಿದ್ದರೂ ದೂರವಿರಿ.

ಕನ್ನಡಕದವರು 40 ಹರ್ಟ್ಜ್ ಪರೀಕ್ಷೆಯನ್ನು ಎರಡು ಸಲ ಮಾಡಿ, ಕನ್ನಡಕ ಹಾಕಿಯೂ ತೆಗೆದೂ. ದಪ್ಪ ಪ್ಲಾಸ್ಟಿಕ್ ಕಡ್ಡಿಯಾದರೆ ವ್ಯತ್ಯಾಸ ಕೂಡಲೇ ಕೇಳುತ್ತದೆ. ತೆಳ್ಳನೆಯ ಲೋಹದ ಕಡ್ಡಿ, ಮೆತ್ತನೆಯ ದಪ್ಪ ಪ್ಯಾಡ್ ಇದ್ದರೆ ಸೋರಿಕೆ ಬಹಳಷ್ಟು ಕಡಿಮೆ. ಜುಮುಕಿ, ದೊಡ್ಡ ಓಲೆ, ಕಿವಿಯ ಮುಂದೆ ಇಳಿದ ದಪ್ಪ ಕೂದಲು, ಗಡ್ಡ ಎಲ್ಲವೂ ಇದೇ ಕೆಲಸ ಮಾಡುತ್ತವೆ. ಕೂದಲನ್ನು ಹಿಂದಕ್ಕೆ ಸರಿಸಿ ಮತ್ತೆ ಕೇಳಿ. ದವಡೆಯ ಕೆಳಗೆ, ಕಿವಿಯ ಹಿಂದಿನ ತಗ್ಗಿನಲ್ಲಿ ಬೆರಳಿಟ್ಟು ಪ್ಯಾಡ್ ಚರ್ಮಕ್ಕೆ ಅಂಟಿದೆಯೇ ಎಂದು ತಡವಿ ನೋಡಿ. ಸೋರುವುದು ಹೆಚ್ಚಾಗಿ ಅಲ್ಲೇ.

ಸರಿಗಮ ಕೇಳಿಸಿ

ಪರೀಕ್ಷೆಗೆಂದೇ ರೆಕಾರ್ಡ್ ಮಾಡಿದ ಥಳಕಿನ ಹಾಡುಗಳು ಯಾವ ಹೆಡ್‌ಫೋನಿನಲ್ಲೂ ಚೆನ್ನಾಗಿಯೇ ಕೇಳುತ್ತವೆ. ನಮ್ಮ ಸಂಗೀತ ಕೇಳುವವರ ಕೈಯಲ್ಲಿ ಅದಕ್ಕಿಂತ ನಿಷ್ಠುರವಾದ ಅಳತೆಗೋಲುಗಳಿವೆ.

ಗಂಡುದನಿಯಲ್ಲಿ ಸರಳೆ ವರಸೆ ಅಥವಾ ನಿಧಾನದ ಆಲಾಪ ತೆಗೆದುಕೊಳ್ಳಿ. ಶ್ರುತಿ ಬಿಳಿ ಒಂದು (ಹಾರ್ಮೋನಿಯಂನ ಸಿ ಮನೆ) ಎಂದಿಟ್ಟುಕೊಂಡರೆ ಮಧ್ಯ ಷಡ್ಜ ಸುಮಾರು 131 ಹರ್ಟ್ಜ್, ಶುದ್ಧ ಮಧ್ಯಮ 174, ಪಂಚಮ 196, ತಾರ ಷಡ್ಜ 262. ಗೋಡೆಗಳ ನಡುವೆ ನಿಲ್ಲುವ ಅಲೆಯಲ್ಲದೆ, ಕಪ್ ಇಡಿಯಾಗಿ ಮೊಳಗುವ ಇನ್ನೊಂದು ದೋಷ ಹಲವು ಸಲ ಇದೇ ವಲಯದಲ್ಲಿ ಅಡಗಿರುತ್ತದೆ. ಗಾಯಕ ಒಂದೇ ಬಲದಲ್ಲಿ ಏರುತ್ತಿರುವಾಗ ಯಾವುದೋ ಒಂದು ಸ್ವರ ಮಾತ್ರ ಉಬ್ಬಿ ಮುಂದೆ ಬಂದು, ಮುಂದಿನದು ಮತ್ತೆ ಹಿಂದೆ ಸರಿದರೆ, ಅದು ಗಾಯಕನದ್ದಲ್ಲ, ಕಪ್ಪಿನದ್ದು. ಅನುಮಾನವಿದ್ದರೆ ಬೇರೆ ಶ್ರುತಿಯವರ ಹಾಡು ಹಾಕಿ. ಉಬ್ಬು ಅದೇ ಹರ್ಟ್ಜ್‌ನಲ್ಲಿ ಉಳಿದು, ಈಗ ಬೇರೊಂದು ಸ್ವರಕ್ಕೆ ಅಂಟಿದ್ದರೆ ದೋಷ ಖಚಿತ. ದನಿ ಡಬ್ಬದೊಳಗಿಂದ ಬಂದಂತೆ ಕೇಳುವುದಕ್ಕೂ ಈ ಮೊಳಗೇ ಕಾರಣ.

ತಂಬೂರಿ ಮೇಲಿನ ವಲಯದ ಪರೀಕ್ಷಕ. ಜೀವಾಳಿಯ ಮಿನುಗು ದಾರದಂತೆ ಎಳೆಎಳೆಯಾಗಿ ಹರಡಬೇಕು. ಒಂದು ಕಡೆ ಮಾತ್ರ ತಗಡು ಬಡಿದಂತೆ ಝಿಂಕ್ ಎನ್ನುತ್ತಿದ್ದರೆ 4,000ದಿಂದ 10,000 ಹರ್ಟ್ಜ್ ನಡುವೆ ಎಲ್ಲೋ ಚೂಪಾದ ಏರಿದೆ. ಮೃದಂಗದ ತೊಪ್ಪಿಯಲ್ಲಿ ಗುಂಕಿ ಕೇಳಿ: ಅಂಗೈ ಚರ್ಮದ ಮೇಲೆ ಜಾರುವಾಗ ನಾದ ಬಾಗುತ್ತ ಏರಬೇಕು. ಬೇಸ್ ಹೆಚ್ಚಾಗಿ ಊದಿಕೊಂಡ ಹೆಡ್‌ಫೋನಿನಲ್ಲಿ ಆ ಜಾರು ಕಾಣೆಯಾಗಿ ಬರೀ ಗುಮ್ ಉಳಿಯುತ್ತದೆ. ಯಕ್ಷಗಾನದ ಚಂಡೆ ಹಾಕಿ ಹತ್ತು ನಿಮಿಷ ಕೇಳಿ. ಕಿವಿ ದಣಿದರೆ ನೀವು ಆ ಹೆಡ್‌ಫೋನಿನ ಜೊತೆ ವರ್ಷಗಟ್ಟಲೆ ಬಾಳುವುದು ಕಷ್ಟ.

ಹಳೆಯ ಮೋನೋ ಚಿತ್ರಗೀತೆ ಇನ್ನೊಂದು ಕೆಲಸಕ್ಕೆ ಬರುತ್ತದೆ. ದನಿ ಸರಿಯಾಗಿ ನೆತ್ತಿಯ ನಡುವೆ ನಿಲ್ಲಬೇಕು. ಒಂದು ಕಡೆಗೆ ವಾಲಿದರೆ ಹೆಡ್‌ಫೋನನ್ನು ತಿರುಗಿಸಿ, ಎಡವನ್ನು ಬಲಕ್ಕೆ ಹಾಕಿಕೊಳ್ಳಿ. ವಾಲು ಮತ್ತೊಂದು ಕಡೆಗೆ ಹೋದರೆ ದೋಷ ಹೆಡ್‌ಫೋನಿನದು, ಇಲ್ಲವೇ ಅದಕ್ಕೆ ಸದ್ದು ಕೊಡುವ ಆಂಪಿನದು. ಅದೇ ಕಿವಿಯಲ್ಲಿ ಉಳಿದರೆ ನಿಮ್ಮ ಕಿವಿಯದ್ದೋ ಎದುರು ಬದಿಯ ಸೋರಿಕೆಯದ್ದೋ. ದನಿ ನಡುವೆ ನಿಲ್ಲದೆ ತಲೆಯ ಹಿಂದೆಲ್ಲ ಹರಡಿಹೋದರೆ ಕೇಬಲ್ಲಿನ ಒಂದು ಬದಿಯ ತಂತಿಗಳು ಅದಲುಬದಲಾಗಿವೆ. ಹೊರಗಿನವರು ಮಾಡಿಕೊಟ್ಟ ಬದಲಿ ಕೇಬಲ್ಲುಗಳಲ್ಲಿ ಇದು ಅಪರೂಪವೇನಲ್ಲ.

ಎರಡು ಹೆಡ್‌ಫೋನ್ ಹೋಲಿಸುವಾಗ ಗಟ್ಟಿತನ ಸಮ ಮಾಡಿಕೊಳ್ಳದಿದ್ದರೆ ಹೋಲಿಕೆಯೇ ವ್ಯರ್ಥ. ಒಂದೇ ಡೆಸಿಬಲ್ ಗಟ್ಟಿಯಾದದ್ದು ಕಿವಿಗೆ ‘ಹೆಚ್ಚು ಸ್ಪಷ್ಟ’ ಎನಿಸುತ್ತದೆ. 500ರಿಂದ 2,000 ಹರ್ಟ್ಜ್‌ವರೆಗಿನ ಪಿಂಕ್ ನಾಯ್ಸ್ (ಮಳೆ ಸುರಿದಂಥ ಒಂದೇ ಸಮನೆಯ ಸದ್ದು) ಹಾಕಿ, ಎರಡೂ ಒಂದೇ ಸಮ ಕೇಳುವಂತೆ ವಾಲ್ಯೂಮ್ ಗುರುತಿಟ್ಟುಕೊಂಡು ಆಮೇಲೆ ಹಾಡು ಶುರುಮಾಡಿ.

ಆಂಪ್: ಊಹೆ ಬೇಡ, ಲೆಕ್ಕ ಹಾಕಿ

ಸೂತ್ರ ನೆನಪಿಡುವುದು ಸುಲಭ. ಸದ್ದು 3 ಡೆಸಿಬಲ್ ಏರಲು ಶಕ್ತಿ ಎರಡು ಪಟ್ಟು ಬೇಕು, 10 ಡೆಸಿಬಲ್‌ಗೆ ಹತ್ತು ಪಟ್ಟು, 20ಕ್ಕೆ ನೂರು ಪಟ್ಟು. ಸಂಗೀತದ ಕ್ಷಣಿಕ ಏರುಗಳಿಗೆ 110 ಡೆಸಿಬಲ್ ಮುಟ್ಟುವಷ್ಟು ದಮ್ಮಿದ್ದರೆ ಮನೆಗೆ ಧಾರಾಳ. ಸರಾಸರಿ ವಾಲ್ಯೂಮ್ ಅದಕ್ಕಿಂತ ಬಹಳ ಕೆಳಗಿರಬೇಕು. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಹೊರಗಿನ ಗದ್ದಲ ತಡೆಯುವ ಕಪ್ ಈ ಮಿತಿಯೊಳಗೇ ಸಂಗೀತವನ್ನು ನೆಮ್ಮದಿಯಾಗಿ ಕೇಳಿಸುತ್ತದೆ. ಕ್ಲೋಸ್ಡ್‌ಬ್ಯಾಕ್‌ನ ದೊಡ್ಡ ಉಪಕಾರ ಇದೇ.

ಸ್ಟೆಲಿಯಾ: 35 ಓಮ್ (ಕರೆಂಟಿಗೆ ಅದು ಒಡ್ಡುವ ಅಡ್ಡಿ, ಅಂದರೆ ಇಂಪೀಡೆನ್ಸ್), 1 ಮಿಲಿವಾಟ್‌ಗೆ 106 ಡೆಸಿಬಲ್. 110 ಮುಟ್ಟಲು ಬೇಕಾದದ್ದು 2.5 ಮಿಲಿವಾಟ್, ಅಂದರೆ 0.3 ವೋಲ್ಟ್. ಡಿ9200ದ ಲೆಕ್ಕವೂ ಇಷ್ಟೇ. ಒಂದು ವೋಲ್ಟ್ ಕೊಡುವ ಆ್ಯಪಲ್‌ನ ಪುಟ್ಟ ಯುಎಸ್‌ಬಿ-ಸಿ ಡಾಂಗಲ್ (ಫೋನಿಗೆ ಹೆಡ್‌ಫೋನ್ ಸೇರಿಸುವ ತುಂಡು) ಕೂಡ ಇವೆರಡಕ್ಕೆ ಸಾಕು. ಯುರೋಪಿನಲ್ಲಿ ಮಾರುವ ಡಾಂಗಲ್ ಅರ್ಧ ವೋಲ್ಟಿನದು, ಅಲ್ಲಿಂದ ತರಿಸುವವರು ನೋಡಿಕೊಳ್ಳಿ.

ಇ3: 27 ಓಮ್, ಸುಮಾರು 90 ಡೆಸಿಬಲ್. ಇಲ್ಲಿ 100 ಮಿಲಿವಾಟ್ ಬೇಕು: 1.6 ವೋಲ್ಟ್, 61 ಮಿಲಿಆಂಪ್. ಸ್ಟೆಲ್ತ್‌ಗೆ ಇದರ ಎರಡು ಪಟ್ಟಿಗೂ ಹೆಚ್ಚು. ಡಾಂಗಲ್ಲಿಗೆ ಹಾಕಿದರೆ ಸದ್ದೇನೋ ಬರುತ್ತದೆ, ಆದರೆ ಮೃದಂಗದ ತನಿ ಬಂದಾಗ ಏರು ಚಪ್ಪಟೆಯಾಗುತ್ತದೆ. ಎಚ್‌ಡಿ 820ರದು ತದ್ವಿರುದ್ಧ ಹಸಿವು: 300 ಓಮ್, ಹಾಗಾಗಿ 2.2 ವೋಲ್ಟ್ ಬೇಕು, ಕರೆಂಟು ಮಾತ್ರ 8 ಮಿಲಿಆಂಪ್ ಕೂಡ ಬೇಡ. ಒಂದೇ ಆಂಪ್ ಒಂದಕ್ಕೆ ಹೊಂದಿ ಇನ್ನೊಂದಕ್ಕೆ ಸೋಲುವುದು ಇದರಿಂದಲೇ. ಆಂಪಿನ ಡಬ್ಬದ ಮೇಲೆ ‘1 ವಾಟ್’ ಎಂದಿದ್ದರೆ ಎಷ್ಟು ಓಮಿಗೆ ಎಂದು ಓದದೆ ಕೊಳ್ಳಬೇಡಿ. ಸದ್ದಿನ ಬೇರೆ ಬೇರೆ ವಲಯಗಳನ್ನು ಏರಿಸಿ ಇಳಿಸುವ ಈಕ್ವಲೈಜರ್‌ನಲ್ಲಿ ಬೇಸ್ 6 ಡೆಸಿಬಲ್ ಏರಿಸುವವರು ಮೇಲಿನ ಮಿಲಿವಾಟ್ ಲೆಕ್ಕವನ್ನು ನಾಲ್ಕರಿಂದ, ವೋಲ್ಟ್ ಲೆಕ್ಕವನ್ನು ಎರಡರಿಂದ ಗುಣಿಸಿ.

ಇನ್ನೊಂದು ಸಂಖ್ಯೆ ಆಂಪಿನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪಿನೊಳಗೇ ಕರೆಂಟಿಗೆ ಇರುವ ಅಡ್ಡಿ. ಹೆಡ್‌ಫೋನಿನ ಓಮಿನ ಎಂಟನೇ ಒಂದು ಭಾಗಕ್ಕಿಂತ ಅದು ಕಡಿಮೆ ಇರಲಿ. 24 ಓಮಿನ ಡೆನಾನ್‌ಗೆ 3 ಓಮಿನೊಳಗೆ. ಹಳೆಯ ಸ್ಟೀರಿಯೋ ಆಂಪ್‌ಗಳ ಮುಂಭಾಗದ ಹೆಡ್‌ಫೋನ್ ಜ್ಯಾಕಿನಲ್ಲಿ ನೂರು ಓಮ್ ದಾಟಿದ ರೆಸಿಸ್ಟರ್ ಇರುವುದುಂಟು. ಡೈನಮಿಕ್ (ತಂತಿಸುರುಳಿ ಅಂಟಿಸಿದ ಮಾಮೂಲಿ) ಡ್ರೈವರಿನ ಇಂಪೀಡೆನ್ಸ್ ಬೇಸಿನ ಹತ್ತಿರ ಏರುವುದರಿಂದ, ಅಂಥ ಜ್ಯಾಕಿಗೆ ಹಾಕಿದಾಗ ಬೇಸ್ ಊದಿಕೊಂಡು ಸಡಿಲವಾಗುತ್ತದೆ. ಇ3, ಸ್ಟೆಲ್ತ್‌ನಂಥ ಪ್ಲೇನರ್‌ಗಳ (ಚಪ್ಪಟೆ ತೆಳುಪೊರೆಯ ಡ್ರೈವರ್ ಇರುವವುಗಳ) ಇಂಪೀಡೆನ್ಸ್ ಸಮತಟ್ಟು, ಅವುಗಳ ಸ್ವಭಾವ ಬದಲಾಗದು, ಶಕ್ತಿ ಮಾತ್ರ ಸೋರಿಹೋಗುತ್ತದೆ. ವಾಲ್ವ್ ಬಳಸುವ ಹಳೆಯ ಬಗೆಯ ಟ್ಯೂಬ್ ಆಂಪಿನ ಮೋಹವಿರುವವರು ಝಡ್‌ಎಂಎಫ್ ವೆರಿಟೆ ಕ್ಲೋಸ್ಡ್‌ನಂಥ 300 ಓಮಿನ ಹೆಡ್‌ಫೋನ್ ಆರಿಸಿಕೊಂಡರೆ ಜೋಡಿ ಹೊಂದುತ್ತದೆ.

ಬ್ಯಾಲೆನ್ಸ್ಡ್ ಕೇಬಲ್ಲಿನಿಂದ (ಎಡಕ್ಕೂ ಬಲಕ್ಕೂ ಪ್ರತ್ಯೇಕ ಜೋಡಿ ತಂತಿಯಿರುವುದು) ಸಿಗುವುದು ಆಂಪಿನ ಹೆಚ್ಚಿನ ಶಕ್ತಿ, ಸ್ಟೆಲ್ತ್‌ಗೆ ಅದು ಉಪಯುಕ್ತ. ಸ್ಟೆಲಿಯಾಗೆ ಅದಕ್ಕೆಂದು ಹಣ ಸುರಿಯುವ ಅಗತ್ಯವಿಲ್ಲ.

ಯಾರಿಗೆ ಯಾವುದು

ಬಿಡುಗಡೆಯಾದಾಗ ಅಮೆರಿಕದ ಬೆಲೆ ಹೀಗಿತ್ತು: ಡಿ9200 1,599 ಡಾಲರ್, ಇ3 1,999, ಝಡ್1ಆರ್ 2,299, ಎಚ್‌ಡಿ 820 2,399, ಸ್ಟೆಲಿಯಾ 2,999, ಸ್ಟೆಲ್ತ್ 3,999. ಬೆಲೆಯ ಸಾಲಿಗೂ ಸದ್ದಿನ ಸಾಲಿಗೂ ಸಂಬಂಧ ಸಡಿಲ.

ಕಚೇರಿಯ ಕೆಲಸ, ಶಾಸ್ತ್ರೀಯ, ಸಿನಿಮಾ ಎಲ್ಲಕ್ಕೂ ಒಂದೇ ಬೇಕು, ಮನೆಯಲ್ಲಿ ಗದ್ದಲವಿದೆ, ಒಳ್ಳೆಯ ಆಂಪ್ ಇದೆ ಎನ್ನುವವರಿಗೆ ನಮ್ಮ ಮೊದಲ ಆಯ್ಕೆ ಇ3. ಸದ್ದು ಸಮತೋಲ, ತಡೆ ಬಿಗಿ, ಮಡಚಿ ಸಣ್ಣ ಚೀಲದಲ್ಲಿಡಬಹುದು. ಸ್ಟೆಲ್ತ್ ಇದಕ್ಕಿಂತ ಇನ್ನೂ ನಯ, ಆದರೆ ದುಪ್ಪಟ್ಟು ಬೆಲೆಗೆ ದುಪ್ಪಟ್ಟು ಸಂಗೀತವಿಲ್ಲ. ಫೋನು, ಲ್ಯಾಪ್‌ಟಾಪಿಗೆ ನೇರ ಚುಚ್ಚಿ ಕೇಳುವವರಿಗೆ ಸ್ಟೆಲಿಯಾ ಅಥವಾ ಡಿ9200. ಸ್ಟೆಲಿಯಾದಲ್ಲಿ ದನಿ ಮುಂದೆ ಬಂದು ಕೂರುತ್ತದೆ, ತಾಳವಾದ್ಯದ ಏಟಿಗೆ ಬೆನ್ನೆಲುಬಿದೆ. ಝಡ್1ಆರ್ ಮೆತ್ತನೆಯದು, 70 ಮಿಲಿಮೀಟರಿನ ಡ್ರೈವರ್, ಹಬ್ಬಿದ ಬೇಸ್. ನಿಶ್ಶಬ್ದದ ಮನೆಯಲ್ಲಿ ಗಂಟೆಗಟ್ಟಲೆ ಹಾಕಿಕೊಳ್ಳಲು ಸುಖ, ಆದರೆ ಮೇಲ್ಗಡೆ 10,000 ಹರ್ಟ್ಜ್ ಹತ್ತಿರ ಒಂದು ಏರಿದೆ, ತಾಳದ ಕಿಣಿಕಿಣಿ ಕೆಲವರಿಗೆ ಚುಚ್ಚುತ್ತದೆ. ಎಚ್‌ಡಿ 820ರಲ್ಲಿ ವಿಸ್ತಾರ ಚೆನ್ನಾಗಿದೆ. 300 ಹರ್ಟ್ಜ್ ಆಸುಪಾಸಿನಲ್ಲಿ ತಗ್ಗಿದ್ದು ಗಂಡುದನಿ ತುಸು ತೆಳ್ಳಗಾಗುತ್ತದೆ. ಅದರ ದೊಡ್ಡ ಪ್ಯಾಡ್ ಸಣ್ಣ ಮುಖಕ್ಕೆ ಸೋರುವ ಸಾಧ್ಯತೆಯೂ ಹೆಚ್ಚು. ಮೇಲಿನ ಸರಿಗಮ ಪರೀಕ್ಷೆ ಮಾಡದೆ ಇದನ್ನು ಕೊಳ್ಳಲೇಬಾರದು.

ಗ್ರಾಫ್ ಓದುವವರಿಗೆ ಒಂದು ಮಾತು. ಹೆಡ್‌ಫೋನ್ ಅಳೆಯುವ ಗ್ರಾಸ್ ಕಂಪನಿಯ ಯಂತ್ರದ ಗ್ರಾಫನ್ನು ಬ್ರೂಯೆಲ್ ಆ್ಯಂಡ್ ಕೇರ್ 5128ರ ಗ್ರಾಫಿನ ಪಕ್ಕ ಇಟ್ಟು ಹೋಲಿಸಬೇಡಿ, ಕೃತಕ ಕಿವಿಗಳೇ ಬೇರೆ ಬೇರೆ. ಒಂದೇ ಯಂತ್ರದ ಗ್ರಾಫ್‌ಗಳಲ್ಲೂ 8,000 ಹರ್ಟ್ಜ್‌ನಾಚೆ ಕಾಣುವ ಹಲ್ಲುಗಳು ನಿಮ್ಮ ಕಿವಿಯಲ್ಲಿ ಬೇರೆ ಜಾಗದಲ್ಲಿರುತ್ತವೆ. ಅಲ್ಲಿ ಈಕ್ವಲೈಜರ್ ಹಾಕಬೇಕೆಂದರೆ ಟೋನನ್ನು ನಿಧಾನ ಏರಿಸುತ್ತ ಹೋಗಿ ಚುಚ್ಚುವ ಜಾಗವನ್ನು ಸ್ವತಃ ಹುಡುಕಿ, 3 ಡೆಸಿಬಲ್ ಇಳಿಸಿ. ಏರನ್ನು ಇಳಿಸಬಹುದು, ಆದರೆ ಅಲೆಗಳು ಒಂದನ್ನೊಂದು ಕೊಂದು ಆದ ಕಿರಿದಾದ ಕಂದಕವನ್ನು ತುಂಬಲು ಹೋಗಬೇಡಿ. ಎಷ್ಟು ಸುರಿದರೂ ಅದು ತುಂಬದು, ಆಂಪ್ ದಣಿಯುತ್ತದೆ. ಬೇಸ್ ಏರಿಸುವುದಾದರೆ ಏರಿಸಿದಷ್ಟೇ ಡೆಸಿಬಲ್ ಈಕ್ವಲೈಜರ್‌ನ ಒಟ್ಟು ಮಟ್ಟದ ಗುಂಡಿಯಾದ ಪ್ರೀಆಂಪ್‌ನಲ್ಲಿ ಇಳಿಸಿ, ಇಲ್ಲದಿದ್ದರೆ ಗಟ್ಟಿ ಜಾಗಗಳಲ್ಲಿ ಸದ್ದು ಒಡೆಯುತ್ತದೆ.

ಬಳಸಿದ್ದನ್ನು ಕೊಳ್ಳುವುದಾದರೆ

20ರಿಂದ 200 ಹರ್ಟ್ಜ್‌ವರೆಗೆ ಟೋನ್ ನಿಧಾನವಾಗಿ ಏರಿಸಿ, ಒಂದೊಂದೇ ಕಿವಿಯಲ್ಲಿ ಕೇಳಿ. ಝರಝರ ಬಂದರೆ ಡ್ರೈವರ್ ಹೋಯಿತೆಂದು ಗಾಬರಿಬೀಳಬೇಡಿ. ಬಹಳ ಸಲ ಅದು ಜಾಲರಿ ದಾಟಿ ಒಳಗೆ ಬಿದ್ದ ಒಂದು ತಲೆಗೂದಲು. ಪ್ಯಾಡ್ ತೆಗೆದು, ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಊದುಬುರುಡೆಯಿಂದ ದೂರದಿಂದ ಮೆಲ್ಲಗೆ ಊದಿ, ಕಂಡರೆ ಚಿಮಟದಲ್ಲಿ ಎತ್ತಿ. ವ್ಯಾಕ್ಯೂಮ್ ಕ್ಲೀನರ್ ಹತ್ತಿರಕ್ಕೂ ತರಬೇಡಿ. ಕೂದಲಿಲ್ಲದೆಯೂ ಸದ್ದು ನಿಲ್ಲದಿದ್ದರೆ ಆ ವ್ಯಾಪಾರ ಬಿಡಿ. ಬಿಗಿಯಾದ ಪ್ಲೇನರ್‌ಗಳನ್ನು ಹಾಕಿಕೊಳ್ಳುವಾಗ ಚಿಟಪಟ ಕೇಳುವುದು ಬೇರೆ. ಗಾಳಿಯ ಒತ್ತಡಕ್ಕೆ ತೆಳುಪೊರೆ ಬಾಗುವ ಸದ್ದು ಅದು. ನಿಧಾನವಾಗಿ, ಕೆಳಗಿನ ಅಂಚನ್ನು ತುಸು ಎತ್ತಿ ಗಾಳಿ ಬಿಡುತ್ತ ಹಾಕಿಕೊಂಡರೆ ಸಾಕು.

ಹೊರದೇಶದಿಂದ ತರಿಸುವವರು ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ, ಅಸಲಿ ಪ್ಯಾಡ್ ಇಲ್ಲಿ ಸಿಗುತ್ತದೆಯೇ ಎಂದು ಹಣ ಕೊಡುವ ಮುಂಚೆಯೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಪ್ಯಾಡಿನ ಮಾತು ಹಗುರವಲ್ಲ. ಪ್ಯಾಡ್ ಕುಸಿದಂತೆ ಕಿವಿ ಡ್ರೈವರಿಗೆ ಹತ್ತಿರವಾಗುತ್ತದೆ, ಅಂಚು ಸೋರುತ್ತದೆ, ಬೇಸ್ ಇಳಿದು ಮೇಲಿನ ಸದ್ದು ಹರಿತವಾಗುತ್ತದೆ. ನಿಧಾನ ಆಗುವುದರಿಂದ ಗೊತ್ತೇ ಆಗುವುದಿಲ್ಲ. ಹೊಸದಿದ್ದಾಗಲೇ ಪ್ಯಾಡಿನ ಎತ್ತರವನ್ನು ನಾಲ್ಕು ಕಡೆ ಸ್ಕೇಲಿನಲ್ಲಿ ಅಳೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಡಿ. ಕಾಲು ಭಾಗ ಕುಸಿದಾಗ ಬದಲಾಯಿಸಿ. ಅಗ್ಗದ ಬದಲಿ ಪ್ಯಾಡ್ ಹಾಕಿದರೆ ನೀವು ಆರಿಸಿ ತಂದ ಹೆಡ್‌ಫೋನಿನ ದನಿಯೇ ಬೇರೆಯಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಗೆ ಹಾಕಲೇಬೇಡಿ, ಕೃತಕ ಚರ್ಮ ಮೊದಲು ಸೀಳುವುದು ಎಣ್ಣೆಗೆ. ಪ್ರತಿ ಸಲ ಕೇಳಿದ ಮೇಲೆ ಒಣ ಹತ್ತಿಬಟ್ಟೆಯಿಂದ ಬೆವರು ಒರೆಸಿ, ಅರ್ಧ ಗಂಟೆ ಗಾಳಿಗಿಟ್ಟು ಆಮೇಲೆ ಪೆಟ್ಟಿಗೆಗೆ ಹಾಕಿ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಅಸಲಿ ತೊಗಲಿಗೆ ಬೂಷ್ಟು ಹಿಡಿಯುತ್ತದೆ, ಕೃತಕದ್ದು ಪದರ ಬಿಡುತ್ತದೆ. ಅಲ್ಲಿನವರು ಪೆಟ್ಟಿಗೆಯೊಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಇಟ್ಟು ತಿಂಗಳಿಗೊಮ್ಮೆ ಬದಲಾಯಿಸಿ. ಮೂರು ತಿಂಗಳಿಗೊಮ್ಮೆ ಮತ್ತೆ 40 ಹರ್ಟ್ಜ್ ನುಡಿಸಿ ಕಪ್‌ಗಳನ್ನು ಒತ್ತಿ ನೋಡಿ.